ಗಣಪತಿ ಮಂಟಪದ ವಯರು

ದುರ್ಗ ಹರಿಕಂತ್ರನಿಗೆ ಬಾಯಿ ಮುಚ್ಚಿಕೊಂಡು ಕೂತು ಗೊತ್ತಿರಲಿಲ್ಲ. ಬಲೆ ಎಳೆಯುವಾಗಲೂ ಹಾಡು, ಹರಟೆ, ಬೈಗುಳ ಎಲ್ಲ ಒಟ್ಟಿಗೇ. ಅಂಥವನು ಈಗ ಹೊನ್ನಾವರದ ಅಳಿವೆಯಲ್ಲಿ ಲಂಗರು ಹಾಕಿದ ಹಳೇ ಬೋಟಿನಲ್ಲಿ ಒಬ್ಬನೇ. ಹೆಂಡತಿ ಜಯಂತಿ ತೀರಿಹೋದಳು, ಮಕ್ಕಳಿಲ್ಲ, ಮೊಣಕಾಲು ಮುರಿದು ಕಡಲಿಗೆ ಹೋಗುವುದೂ ನಿಂತಿತು. ಮಾಲೀಕ ಪಾಪ ಅಂದುಕೊಂಡು, ಕಾವಲಿನ ನೆಪದಲ್ಲಿ ಇರಲು ಬಿಟ್ಟಿದ್ದ.

ಉಳಿದದ್ದು ವೈರ್‌ಲೆಸ್ ಒಂದೇ. ಜೊತೆಗೆ ದುಡಿದವರ ಬೋಟು ಈಗ ಮಲ್ಪೆ ಸೇರಿದೆ. ಅದು ಈ ಕಡೆ ಬಂದಾಗ ಸಂಜೆ ಮಾತಾಡಬಹುದಿತ್ತು. ಎಂಜಿನ್ನಿನ ಹತ್ತಿರ ಇದ್ದ ಸೆಟ್ಟನ್ನು, ಮಲಗಿಕೊಂಡೇ ಕೇಳಬೇಕೆಂದು, ಚೌತಿ ಮುಗಿದ ಮೇಲೆ ಚಾಪೆಯ ಬಳಿಗೆ ತಂದುಕೊಂಡ. ವಯರು ಸಾಲಲಿಲ್ಲ. ಗಣಪತಿ ಮಂಟಪದ ಮಿಣಿಮಿಣಿ ದೀಪ ಬಿಚ್ಚಿದಾಗ ಉಳಿದ ವಯರನ್ನೇ ಬ್ಯಾಟರಿಯಿಂದ ಎಳೆದ. ಕೇರಿಯೆಲ್ಲ ಬೆಳಗಿದ ವಯರು, ಇದಕ್ಕೆ ಸಾಲದೇ ಅಂತ ಅವನ ಲೆಕ್ಕ.

ಅಂದಿನಿಂದ ಆ ಹಳೇ ಜೊತೆಗಾರರು ಕರೆದದ್ದು ಕೇಳುತ್ತಿತ್ತು. ಮಾತಾಡುವ ಗುಂಡಿ ಒತ್ತಿ ಇವನು ಓಗೊಟ್ಟರೆ, ಕೇಳಿಸದವರ ಹಾಗೆ ಮತ್ತೆ ಕರೆಯುತ್ತಿದ್ದರು. ಬೋಟಿನಲ್ಲಿ ಒಬ್ಬನನ್ನು ಕಾಡಿಸುವ ಹಳೇ ಆಟ ಅದು, ಕಲಿಸಿದವನೂ ದುರ್ಗನೇ. ಕಾಲು ಹೋದವನನ್ನೂ ಹೀಗೆ ಆಡಿಸುವುದೇ ಎಂದು ಸಿಟ್ಟು ಬಂತು. ಆಮೇಲೆ ಸಿಟ್ಟೂ ಹೋಗಿ ಬರೀ ಅಳು ಬಂತು.

ಒಂದು ಸಂಜೆ ಆ ಮಲ್ಪೆ ಬೋಟು ನಡೆಸುವ ತಂಡೇಲ ಸುಧಾಕರ ಸೆಟ್ಟಿನಲ್ಲಿ ಯಾರಿಗೋ ಹೇಳುತ್ತಿದ್ದ: "ದುರ್ಗಣ್ಣಂಗೆ ನಮ್ಮ ಮೇಲೆ ಸಿಟ್ಟು ಮಾರಾಯ. ಎಷ್ಟು ಕರದ್ರೂ ಮಾತಾಡುದಿಲ್ಲ. ಇನ್ನು ಕರಿಯೂದು ಬೇಡ, ಬಿಡು."

ಆಟವಾಗಿರಲಿಲ್ಲ ಅದು. ದುರ್ಗ ಗಾಬರಿಯಿಂದ ಗುಂಡಿ ಒತ್ತಿದ. ಸೆಟ್ಟಿನ ಪುಟ್ಟ ದೀಪ ಆರಿತು. ಬೆರಳು ತೆಗೆದರೆ ಹೊತ್ತಿತು. ಇಷ್ಟು ದಿನ ಕಣ್ಣು ಎಲ್ಲಿಟ್ಟಿದ್ದನೋ ಪುಣ್ಯಾತ್ಮ. ಕೇಳುವುದಕ್ಕೆ ಸೆಟ್ಟು ಎಳೆಯುವ ಕರೆಂಟು ಒಂದು ಗುಟುಕು. ಮಾತಾಡುವುದಕ್ಕೆ ಅದರ ಎಷ್ಟೋ ಪಟ್ಟು ಬೇಕು. ಅಷ್ಟುದ್ದದ ಸಪೂರ ತಂತಿಯಲ್ಲಿ ಕರೆಂಟು ಹೆಚ್ಚಿದಷ್ಟೂ ವೋಲ್ಟೇಜು ದಾರಿಯಲ್ಲೇ ಸೋರಿಹೋಗುತ್ತದೆ, ಬ್ಯಾಟರಿಯ ಹನ್ನೆರಡು ವೋಲ್ಟಿನಲ್ಲಿ ಸೋರುವುದಕ್ಕೆ ಇರುವುದಾದರೂ ಎಷ್ಟು? ಎಂಜಿನ್ ಸ್ಟಾರ್ಟ್ ಮಾಡುವ ಕೇಬಲ್ಲು ಹೆಬ್ಬೆರಳಿನಷ್ಟು ದಪ್ಪ ಏಕೆಂದು ಆಯುಷ್ಯವಿಡೀ ನೋಡಿಯೂ ಅವನು ಯೋಚಿಸಿದವನಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವುದು ಇದಕ್ಕೇ.

ಕುಂಟುತ್ತ ಕೆಳಗಿಳಿದು, ಸೆಟ್ಟನ್ನು ಬ್ಯಾಟರಿಯ ಮಗ್ಗುಲಲ್ಲೇ ಇಟ್ಟು, ದಪ್ಪ ವಯರಿನ ಗೇಣುದ್ದದ ತುಂಡುಗಳಿಂದ ಜೋಡಿಸಿದ. ಗುಂಡಿ ಒತ್ತಿದ. ದೀಪ ಆರಲಿಲ್ಲ.

"ಸುಧಾಕರಾ, ನಾ ದುರ್ಗ. ಕೇಳ್ತದ್ಯ?"

ಒಂದು ಗಳಿಗೆ ಬರೀ ಗೊರಗೊರ.

"ದುರ್ಗಣ್ಣಾ? ಎಂತ ಮಾರಾಯ, ಎಲ್ಲಿ ಸತ್ತಿದ್ದೆ ಇಷ್ಟ ದಿನ? ಊಟ ಆತಾ?"

ಜಯಂತಿ ಹೋದ ಮೇಲೆ ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ. ಬೆಳಗಿನಿಂದ ಅವನು ಒಲೆಯನ್ನೇ ಹೊತ್ತಿಸಿರಲಿಲ್ಲ.

"ಆತು," ಅಂದ.