ಗಡಿಯಾಚೆ ಹೇಳಿದ ನಿಜ

ಅಮೆರಿಕದ ನಮ್ಮ ನಾರ್ತ್ ಕ್ಯಾರೊಲಿನಾ ರಾಜ್ಯದಲ್ಲಿ ಪಿಸ್ತೂಲಿಗೆ ಪರವಾನಗಿ ಕೊಡುವಾಗಲೇ ತಲೆಗೆ ತುಂಬುತ್ತಾರೆ: ಪೊಲೀಸರು ಗಾಡಿ ತಡೆದರೆ, ಅವರು ಕೇಳುವ ಮೊದಲೇ ಪಿಸ್ತೂಲಿದೆ ಎಂದು ಹೇಳಿಬಿಡಬೇಕು. ಬಾಯ್ಲರ್ ರಿಪೇರಿ ಮಾಡುವ ನನ್ನ ಭಾವ ವರ್ಲಿನ್ ಇಪ್ಪತ್ತು ವರ್ಷ ಹಾಗೆಯೇ ನಡೆದುಕೊಂಡವನು. ಮಗಳ ಹತ್ತಿರ ಇರಲೆಂದು ಮೇರಿಲ್ಯಾಂಡ್ ರಾಜ್ಯಕ್ಕೆ ಮನೆ ಬದಲಿಸಿದ ವಾರವೇ, ಗಾಡಿಯ ಹಿಂದಿನ ದೀಪ ಕೆಟ್ಟಿದೆಯೆಂದು ಪೊಲೀಸನೊಬ್ಬ ತಡೆದ.

"ಸೊಂಟದಾಗೆ ಪಿಸ್ತೂಲೈತೆ ಸಾರ್, ತಗೊಳ್ಳಿ ಪರವಾನಗಿ ಕಾರ್ಡು," ಅಂದ ವರ್ಲಿನ್.

"ಇದನ್ನ ನಿಮ್ಮೂರಲ್ಲಿ ತೋರ್ಸು ತಾತ, ಇಲ್ಲಿ ನಡಿಯಲ್ಲ," ಎಂದು ಅವನು ಕೈಕೋಳ ತೊಡಿಸಿದ.

ನಮ್ಮ ರಾಜ್ಯದ ಪರವಾನಗಿ ಅಲ್ಲಿ ಲೆಕ್ಕಕ್ಕಿಲ್ಲ, ಜೈಲಾಗುವ ಕೇಸಂತೆ. ಪಿಸ್ತೂಲು ಬಚ್ಚಿಟ್ಟು ಬಾಯಿ ಮುಚ್ಚಿಕೊಂಡ ಕಳ್ಳ ಮನೆಗೆ ಹೋಗುತ್ತಾನೆ, ನಿಜ ಹೇಳಿದವನು ಒಳಗೆ. ಒಂದೇ ದೇಶ, ಒಂದೇ ಬಾವುಟ, ಇದ್ಯಾವ ನ್ಯಾಯ?

"ಸುಮ್ಕಿರ್ಬೇಕಿತ್ತಾ ನಾನು?" ಎಂದು, ನಾನು ಠಾಣೆಗೆ ಹೋದಾಗ ವರ್ಲಿನ್ ಕೇಳಿದ.

ಇಪ್ಪತ್ತು ವರ್ಷ ನಿಜ ಹೇಳಿಕೊಂಡು ಬಂದವನಿಗೆ ನಾನು ಹೂಂ ಅನ್ನಬೇಕಾಯಿತಲ್ಲ.