ಬಿಚ್ಚಣ್ಣ ಒತ್ತಿದ ಒಂದು ‘ಹೌದು’

ಎದುರು ಗ್ಯಾರೇಜಿನವನನ್ನು ನಾವೆಲ್ಲ ಬಿಚ್ಚಣ್ಣ ಎಂದೇ ಕರೆಯುವುದು. ಕಣ್ಣಿಗೆ ಬಿದ್ದದ್ದನ್ನೆಲ್ಲ ಬಿಚ್ಚಿ ನೋಡುವುದು ಅವನ ಹುಟ್ಟುಗುಣ. ನನ್ನದು ಕಾರಿನ ಬಿಡಿಭಾಗಗಳ ಅಂಗಡಿ. ಹದಿನೆಂಟು ವರ್ಷದಿಂದ ಅವನ ಎಡವಟ್ಟುಗಳಿಗೆಲ್ಲ ನಾನೇ ಸಾಕ್ಷಿ. ಆದರೆ ಕೆಲಸಗಾರನೆಂದರೆ ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ.

ಗ್ಯಾರೇಜಿನ ಹಿಂದಿನ ಮನೆಯಲ್ಲಿ ಅವನ ಅಕ್ಕ ಇದ್ದಾರೆ. ಚಿಕ್ಕಂದಿನಲ್ಲೇ ಕಾಲುಗಳ ಬಲ ಹೋಯಿತು. ಊರಿನ ಆ ತುದಿಯಲ್ಲಿ ಔಷಧಿ ಅಂಗಡಿ ನಡೆಸುತ್ತಾರೆ. ಬ್ರೇಕು, ಆಕ್ಸಿಲರೇಟರು ಎರಡನ್ನೂ ಕೈಯಲ್ಲೇ ಒತ್ತುವಂತೆ, ಸೀಟು ಹೊರಕ್ಕೆ ತಿರುಗುವಂತೆ ಬಿಚ್ಚಣ್ಣನೇ ಅವರ ಕಾರನ್ನು ಸಜ್ಜು ಮಾಡಿದ್ದ. ಗಾಲಿಕುರ್ಚಿಯಿಂದ ತಾವೇ ಸೀಟಿಗೆ ಜಾರಿಕೊಂಡು, ಕುರ್ಚಿಯನ್ನು ಮಡಚಿ ಒಳಗೆಳೆದು, ಹಾರ್ನ್ ಹೊಡೆದು ಹೊರಟುಬಿಡುವರು. ಆರು ವರ್ಷದಲ್ಲಿ ಒಂದು ದಿನವೂ ಯಾರನ್ನೂ ‘ಸ್ವಲ್ಪ ಎತ್ತಿ’ ಎಂದು ಕೇಳಿದವರಲ್ಲ.

ಶನಿವಾರ ಒಬ್ಬ ಪಶುವೈದ್ಯರ ಕಾರು ಬಂತು, ಅಕ್ಕನ ಕಾರಿನದೇ ಮಾದರಿ. ಓಡುತ್ತ ಓಡುತ್ತ ತಾನಾಗಿ ನಿಂತುಬಿಡುತ್ತಿತ್ತು. ಬಿಚ್ಚಣ್ಣ ಹೊಸದಾಗಿ ತರಿಸಿಕೊಂಡಿದ್ದ, ಕಾರು ಕಂಪನಿಯವರದೇ ಸಾಫ್ಟ್‌ವೇರನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ವೈರು ಚುಚ್ಚಿದ. ದೋಷ ಎಂಜಿನ್ನಿನ ಕಂಪ್ಯೂಟರ್ ಪೆಟ್ಟಿಗೆಯಲ್ಲಿದೆ, ಇಲ್ಲವೇ ಅದರ ವೈರಿನಲ್ಲಿದೆ ಎಂದಿತು ಅದು. ಯಾವುದರಲ್ಲಿ ಎಂದು ಮಾತ್ರ ಬಾಯಿಬಿಡಲಿಲ್ಲ. ಇಂಥ ಹೊತ್ತಿಗೆ ಹಳೆಯ ಮೇಸ್ತ್ರಿಗಳೆಲ್ಲ ಮಾಡುವುದು ಒಂದೇ: ಚೆನ್ನಾಗಿರುವ ಕಾರಿನ ಭಾಗ ಬಿಚ್ಚಿ ಇದಕ್ಕೆ ಹಾಕಿ ನೋಡುವುದು, ಕಾಯಿಲೆ ಸಿಕ್ಕಿದ ಮೇಲೆ ವಾಪಸ್ ಕೂಡಿಸುವುದು. ಭಾನುವಾರ ಮಧ್ಯಾಹ್ನ, ಅಕ್ಕ ಮಲಗಿದ್ದಾಗ, ಅವನು ಅವರ ಕಾರಿಗೇ ಕೈಹಾಕಿದ.

“ಅಕ್ಕನ್ನ ಕೇಳಿದ್ಯಾ?” ಅಂದೆ.

“ಅರ್ಧ ಗಂಟೆ ಕೆಲಸ ಮಾರಾಯ. ಅವಳಿಗೆ ಗೊತ್ತೂ ಆಗಲ್ಲ.”

ಅಕ್ಕನ ಕಾರಿನ ಪೆಟ್ಟಿಗೆಯನ್ನು ಬಿಚ್ಚಿ ಪಶುವೈದ್ಯರ ಕಾರಿಗೆ ಕೂಡಿಸಿದ. ಈ ಭಾಗವನ್ನು ಈ ವಾಹನಕ್ಕೆ ಹೊಂದಿಸಬೇಕೆ ಎಂದು ಸಾಫ್ಟ್‌ವೇರ್ ಕೇಳಿತು. ಬಿಚ್ಚಣ್ಣ ‘ಹೌದು’ ಒತ್ತಿದ. ಪಶುವೈದ್ಯರ ಕಾರು ಒಂದೇ ಸಲಕ್ಕೆ ಶುರುವಾಯಿತು. ನಾನೂ ಶಹಬ್ಬಾಸ್ ಅಂದೆ, ಸುಳ್ಳೇಕೆ ಹೇಳಲಿ. ಆದರೆ ಪೆಟ್ಟಿಗೆಯನ್ನು ಬಿಚ್ಚಿ ಅಕ್ಕನ ಕಾರಿಗೆ ಕೂಡಿಸಿದರೆ ಅದು ಜಪ್ಪಯ್ಯ ಅಂದರೂ ಶುರುವಾಗಲಿಲ್ಲ. ಈ ಭಾಗ ಬೇರೆ ವಾಹನಕ್ಕೆ ಸೇರಿದ್ದು, ಕಂಪನಿಯ ಅನುಮತಿ ಬೇಕು ಎಂಬ ಸಾಲು ಪರದೆಯ ಮೇಲೆ ಬಂತು. ಒಂದು ‘ಹೌದು’ಗೆ ಪೆಟ್ಟಿಗೆ ಪಶುವೈದ್ಯರ ಕಾರಿನ ಸ್ವತ್ತಾಗಿತ್ತು.

ಸಹಾಯವಾಣಿಗೆ ಫೋನು ಮಾಡಿದ.

“ಹೊರಗಿನ ಗ್ಯಾರೇಜಿನೋರಿಗೆ ಅದನ್ನ ಬಿಡಿಸಿಕೊಡಲ್ಲ ಸರ್,” ಅಂದಳು ಹುಡುಗಿ. “ಹೊಸದು ಹಾಕಿದ್ರೂ ಅನುಮತಿ ಬೇಕು. ಅರ್ಜಿ ಹಾಕಿ, ಪರಿಶೀಲಿಸ್ತಾರೆ.”

“ಎಷ್ಟು ದಿನ ಆಗುತ್ತಮ್ಮ?”

“ಹೇಳಕ್ಕಾಗಲ್ಲ ಸರ್.”

ಬೈಯುವುದಕ್ಕಾದರೂ ಎದುರಿಗೆ ಒಬ್ಬ ಮನುಷ್ಯ ಬೇಕಲ್ಲ. ನನ್ನ ಅಂಗಡಿಯಲ್ಲಿ ಎರಡು ಸಾವಿರ ಭಾಗಗಳಿವೆ, ಒಂದೂ ಉಪಯೋಗಕ್ಕೆ ಬರಲಿಲ್ಲ. ಬಿಚ್ಚಣ್ಣ ಸಂಜೆಯವರೆಗೂ ಬಿಚ್ಚಿದ್ದನ್ನೇ ಬಿಚ್ಚಿ, ಕೂಡಿಸಿದ್ದನ್ನೇ ಕೂಡಿಸಿ, ಕೊನೆಗೆ ಕೈಚೆಲ್ಲಿ ಕೂತ. ನನಗೆ ನಿಜಕ್ಕೂ ಸಂಕಟವಾಯಿತು.

ಸೋಮವಾರ ಬೆಳಿಗ್ಗೆ ಅಕ್ಕ ಚೀಲ ತೊಡೆಯ ಮೇಲಿಟ್ಟುಕೊಂಡು ಹೊರಗೆ ಬಂದರು. ಬಿಚ್ಚಣ್ಣ ತಲೆ ತಗ್ಗಿಸಿಕೊಂಡು ನಡೆದದ್ದನ್ನೆಲ್ಲ ಹೇಳಿದ. ಅವರು ಕೂಗಾಡಲಿಲ್ಲ.

“ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?”

“ಬರೀ ಪರೀಕ್ಷೆಗೆ ಅಂತ…”

“ಆ ದನದ ಡಾಕ್ಟರು ಕಾರು ಇಲ್ಲಿ ಬಿಟ್ಟು ಮನೆಗೆ ನಡ್ಕೊಂಡು ಹೋಗಿದ್ದಾರೆ. ನಾನು?”

ಅವನು ಬಾಡಿಗೆ ಕಾರು ತರಿಸಿದ. ಅದರ ಸೀಟು ಎತ್ತರದಲ್ಲಿತ್ತು, ಅಕ್ಕ ಎರಡು ಸಲ ಪ್ರಯತ್ನಿಸಿದರೂ ಏರಲಾಗಲಿಲ್ಲ. ಬಿಚ್ಚಣ್ಣ ಎತ್ತಲು ಬಾಗಿದ.

“ನೀನು ಬೇಡ,” ಅಂದರು ಅಕ್ಕ. ಆಮೇಲೆ ನನ್ನ ಕಡೆ ತಿರುಗಿದರು. “ನೀವು ಸ್ವಲ್ಪ ಬರ್ತೀರಾ?”

ನಾನು ಅವರನ್ನು ಎತ್ತಿ ಕೂರಿಸಿದೆ. ಬಿಚ್ಚಣ್ಣ ಬಾಗಿಲು ಹಿಡಿದುಕೊಂಡೇ ನಿಂತಿದ್ದ. ಅಕ್ಕ ಒಳಗಿನಿಂದ ಅದನ್ನು ಎಳೆದುಕೊಂಡರು.