ಗುಂಡಿ ಕೇಸು

ವ್ಯಾಪಾರ ತಂತ್ರ ಕಲಿಸುವ ನಮ್ಮ ಪ್ರೊಫೆಸರಿಗೆ ಹೆಸರು ತಂದುಕೊಟ್ಟದ್ದು ಇಪ್ಪತ್ತೆರಡು ಪುಟದ ಒಂದೇ ಒಂದು ಬರಹ. ಅದನ್ನು ಎಲ್ಲರೂ 'ಗುಂಡಿ ಕೇಸು' ಎನ್ನುತ್ತಾರೆ. ಗುಂಡಿ ಎಂದರೆ ಅಂಗಿಯ ಗುಂಡಿ. ಅವರು ತಮ್ಮ ಸ್ವಂತ ಅಣ್ಣನನ್ನು ತಳ್ಳಿದ ಗುಂಡಿ ಎಂದರೂ ತಪ್ಪೇನಿಲ್ಲ.

ಅಣ್ಣನದು ಗುಂಡಿ ತಯಾರಿಸುವ ಕಾರ್ಖಾನೆ. ಆಗಿನ್ನೂ ಕಿರಿಯ ಅಧ್ಯಾಪಕರಾಗಿದ್ದ ಪ್ರೊಫೆಸರು ವಾರವಿಡೀ ಅಲ್ಲಿ ಕೂತು, ಮಿಷಿನ್‌ಗಳನ್ನು ಎಣಿಸಿ ಹನ್ನೆರಡು ಎಂದು ಬರೆದುಕೊಂಡರು. ಹನ್ನೆರಡರಿಂದ ದೊಡ್ಡ ಆರ್ಡರು ಪೂರೈಸಲಾಗದು, ಮೂರು ವರ್ಷದಲ್ಲಿ ಬಾಗಿಲು ಮುಚ್ಚುತ್ತದೆ ಎಂದು ಸಾಧಿಸಿದರು. ಅಚ್ಚಾಗಲು ಮಾಲೀಕನ ಒಪ್ಪಿಗೆ ಬೇಕಿತ್ತು.

"ನನ್ನ ಬಡ್ತಿಗೆ ಬೇಕಣ್ಣ, ಇಲ್ಲೊಂದು ಸಹಿ ಹಾಕು."

ಅಣ್ಣ ಗುಂಡಿ ಕೊರೆದ ಪುಡಿ ಮೆತ್ತಿದ ಕೈಯಲ್ಲೇ ಹಾಕಿದ.

ಬರಹದಲ್ಲಿ ಕಾರ್ಖಾನೆಯ ಹೆಸರಿರಲಿಲ್ಲ. ಆದರೆ ಊರಲ್ಲಿದ್ದ ಗುಂಡಿ ಕಾರ್ಖಾನೆ ಅದೊಂದೇ. ಬಟ್ಟೆ ಕಂಪನಿಯವರು ಓದಿದರು, ಮುಳುಗುವವನ ಸಹವಾಸ ಬೇಡವೆಂದು ಆರ್ಡರನ್ನು ಬೇರೆ ಕಡೆ ಕೊಟ್ಟರು. ಎರಡೇ ವರ್ಷಕ್ಕೆ ಬೀಗ ಬಿತ್ತು. ಎಂಥ ದೂರದೃಷ್ಟಿ ಎಂದು ವಿದ್ವಾಂಸರು ಚಪ್ಪಾಳೆ ತಟ್ಟಿದರು. ತಮ್ಮ ಪ್ರೊಫೆಸರಾದ, ಅಣ್ಣ ದರ್ಜಿಯ ಅಂಗಡಿಯಲ್ಲಿ ಬೇರೆಯವರ ಅಂಗಿಗೆ ಗುಂಡಿ ಹೊಲಿಯಲು ಕೂತ.

ಈಗ ನಿವೃತ್ತಿಯ ವರ್ಷ. ಜೀವಮಾನದ ಸಂಶೋಧನೆಯೆಲ್ಲ ದಪ್ಪ ಪುಸ್ತಕವಾಗಬೇಕು, ಗುಂಡಿ ಕೇಸಿಲ್ಲದೆ ಆ ಪುಸ್ತಕವೇ ಇಲ್ಲ. ಪ್ರಕಾಶಕರು ಹೊಸದಾಗಿ ಸಹಿ ಬೇಕೆಂದು ಪಟ್ಟು ಹಿಡಿದರು. ಪ್ರೊಫೆಸರು ಅಣ್ಣನ ಕೋಣೆಯ ಮೆಟ್ಟಿಲು ಹತ್ತಿದರು.

ಈ ಸಲ ಅಣ್ಣನಿಗೆ ಬಿಡುವಿತ್ತು. ಕನ್ನಡಕ ಏರಿಸಿ ಮೊದಲ ಪುಟದಿಂದ ಓದತೊಡಗಿದ. ಒಂಬತ್ತನೇ ಪುಟದಲ್ಲಿ ಬೆರಳು ನಿಂತಿತು.

"ಲೋ, ಹನ್ನೆರಡಲ್ವೋ. ಹದಿನಾಲ್ಕು."

"ನಾನೇ ಎಣಿಸಿದ್ದೆನಲ್ಲಣ್ಣ."

"ಹಿಂದಿನ ಶೆಡ್ಡಲ್ಲಿ ಎರಡಿತ್ತು. ಬೂಟಿಗೆ ಪುಡಿ ಮೆತ್ಕೊಳುತ್ತೆ ಅಂತ ನೀನು ಆ ಕಡೆ ಕಾಲೇ ಇಡ್ಲಿಲ್ಲ."

ಪ್ರೊಫೆಸರ ಮನಸ್ಸು ತಾನಾಗಿಯೇ ಗುಣಿಸಿ ನೋಡಿತು: ಹದಿನಾಲ್ಕಿದ್ದರೆ ಆರ್ಡರು ಪೂರೈಸಿಯೂ ಎರಡು ದಿನ ಉಳಿಯುತ್ತಿತ್ತು. ಕಾರ್ಖಾನೆಗೆ ಯಾವ ರೋಗವೂ ಇರಲಿಲ್ಲ.

"ಆಗ್ಲೇ ಯಾಕೆ ಹೇಳ್ಲಿಲ್ಲ?"

"ಓದಿದ್ರೆ ತಾನೇ ಹೇಳೋದು? ತಮ್ಮ ಬರ್ದಿದಾನೆ, ಸರಿಯಾಗೇ ಇರುತ್ತೆ ಅಂದ್ಕೊಂಡೆ." ಅಣ್ಣ ಪೆನ್ಸಿಲು ಚಾಚಿದ. "ತಿದ್ದು. ಸಹಿ ಹಾಕ್ತೀನಿ."

ಪ್ರೊಫೆಸರು ತಿದ್ದಿದರು, ಅಣ್ಣ ಸಹಿ ಹಾಕಿದ. ಮೆಟ್ಟಿಲಿಳಿಯುವಾಗ ನಾಚಿಕೆಯಾಯಿತು, ಇಲ್ಲವೆಂದಲ್ಲ. ಕೆಳಗಿನ ಮೆಟ್ಟಿಲಲ್ಲಿ ಕೂತು, ರಬ್ಬರಿನಿಂದ ಹದಿನಾಲ್ಕನ್ನು ಅಳಿಸಿದರು.

ಪುಸ್ತಕ ಬಂದಾಗ ಒಂದು ಪ್ರತಿ ಅಣ್ಣನಿಗೆ ಕೊಡಲೇಬೇಕಾಯಿತು. ಅಂಗಡಿಯಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದ ಅಣ್ಣ ತಲೆಯೆತ್ತಿದ.

"ತಿದ್ದಿದೀಯ ತಾನೆ?"

"ಹೂಂ ಅಣ್ಣ."

ಅಣ್ಣ ಕೈ ಒರೆಸಿಕೊಂಡು ಪುಸ್ತಕ ತೆಗೆದುಕೊಂಡ. ಹಾಳೆ ತಿರುವದೆ, ಕೊಳೆಯಾಗದ ಕಡೆ ಎತ್ತಿಟ್ಟ.